‘ಸರ್ವರ್ ಇಲ್ಲ’ ಎಂದರೆ ನಿಜವಾಗಿ ಏನಿಲ್ಲ?



ಸಂಘದ ಬಾಗಿಲಲ್ಲಿ ಈಚೆಗೆ ಹೆಚ್ಚು ಕೇಳಿಬರುವ ಮಾತು ‘ಸರ್ವರ್ ಇಲ್ಲ’ ಎಂಬುದು. ಹಾಲಿನ ಚೀಟಿ ಬರಲಿಲ್ಲವೇ? ಸರ್ವರ್ ಇಲ್ಲ. ಬಟವಾಡೆ ಹಣ ಖಾತೆಗೆ ಬಿದ್ದಿಲ್ಲವೇ? ಸರ್ವರ್ ಇಲ್ಲ. ಹಸುವಿನ ಕಿವಿಯೋಲೆ ಸಂಖ್ಯೆ ಹಾಕಿದರೆ ವಿವರ ಬರುತ್ತಿಲ್ಲವೇ? ಅದಕ್ಕೂ ಅದೇ ಉತ್ತರ.

ಹಸು ಮೇವು ಬಿಟ್ಟಿದೆ ಎಂದು ನೀವು ಕರೆದಾಗ ನಾವು ಪಶುವೈದ್ಯರು ಜ್ವರ ನೋಡುತ್ತೇವೆ, ಮೆಲುಕು ಹಾಕುತ್ತಿದೆಯೇ ಎಂದು ಕೇಳುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಸಗಣಿ ಗಮನಿಸುತ್ತೇವೆ. ಏಕೆಂದರೆ ಮೇವು ಬಿಡುವುದು ಲಕ್ಷಣವೇ ಹೊರತು ರೋಗವಲ್ಲ. ‘ಸರ್ವರ್ ಇಲ್ಲ’ ಎಂಬುದೂ ಒಂದು ಲಕ್ಷಣ ಮಾತ್ರ. ಅದರ ಹಿಂದೆ ಸಡಿಲವಾದ ತಂತಿ ಇರಬಹುದು, ಸತ್ತ ಬ್ಯಾಟರಿ ಇರಬಹುದು, ಸಿಗ್ನಲ್ ಇಲ್ಲದ ಸಿಮ್ ಇರಬಹುದು. ನಿಜವಾಗಿ ಸರ್ವರ್ ಕೆಟ್ಟಿರುವುದು ಇವುಗಳಲ್ಲಿ ಒಂದು ಕಾರಣ ಅಷ್ಟೆ. ಕಾರಣ ಗೊತ್ತಾಗದಿದ್ದರೆ ಯಾರಿಗೆ ಹೇಳಬೇಕೆಂದು ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಒಂದು ಹೊತ್ತಿನ ಹಾಲಿನ ಲೆಕ್ಕ ತಪ್ಪಿಹೋಗಬಹುದು.

ನೀವು ಹಾಕಿದ ಹಾಲು ಹೋಗುವ ದಾರಿ ನಿಮಗೆ ಗೊತ್ತು: ಕ್ಯಾನು, ಶೀತಲ ಘಟಕ, ಟ್ಯಾಂಕರ್, ಡೇರಿ. ಹಾಲಿನ ಲೆಕ್ಕಕ್ಕೂ ಬೇರೊಂದು ದಾರಿ ಇದೆ. ತೂಕದ ಯಂತ್ರದಿಂದ ಹೊರಟು ನಿಮ್ಮ ಬ್ಯಾಂಕ್ ಖಾತೆಯವರೆಗೆ ಅದು ಹೇಗೆ ಸಾಗುತ್ತದೆ ಎಂದು ಹಂತ ಹಂತವಾಗಿ ನೋಡೋಣ. ಕಂಪ್ಯೂಟರಿನವರು ಆಡುವ ಪದಗಳು ದಾರಿಯಲ್ಲಿ ತಾವಾಗಿಯೇ ಅರ್ಥವಾಗುತ್ತವೆ.

ಮೊದಲ ಹಂತ: ಯಂತ್ರದಿಂದ ಕಂಪ್ಯೂಟರಿಗೆ

ಒಂದು ಮಾತು ನೆನಪಿಡಿ: ಕಂಪ್ಯೂಟರ್ ಹಾಲನ್ನು ಅಳೆಯುವುದಿಲ್ಲ, ಬರೆದುಕೊಳ್ಳುತ್ತದೆ. ಅಳೆಯುವುದು ತೂಕದ ಯಂತ್ರ ಮತ್ತು ಹಾಲು ಪರೀಕ್ಷಿಸುವ ಯಂತ್ರ. ಜಿಡ್ಡು ಮತ್ತು ಎಸ್‌ಎನ್‌ಎಫ್ ಅಂಕಿಗಳು ಅಲ್ಲಿ ಹುಟ್ಟಿ, ಒಂದು ತಂತಿಯ ಮೂಲಕ ಕಂಪ್ಯೂಟರಿಗೆ ಬರುತ್ತವೆ. ಆ ತಂತಿಯೇ ಕೇಬಲ್. ಕೇಬಲ್ ಸಿಕ್ಕಿಸುವ ಕಿಂಡಿಗೆ ಪೋರ್ಟ್ ಎನ್ನುತ್ತಾರೆ.

ಪೋರ್ಟ್‌ಗಳಲ್ಲಿ ಹಲವು ಬಗೆ. ಒಂಬತ್ತು ಸೂಜಿಗಳಿರುವ, ಎರಡು ತಿರುಪು ಬಿಗಿಯುವ ಹಳೆಯ ಬಗೆಯದು ಸೀರಿಯಲ್ ಪೋರ್ಟ್. ತೂಕದ ಯಂತ್ರಗಳಲ್ಲಿ ಈಗಲೂ ಇದು ಸಾಮಾನ್ಯ. ಮೊಬೈಲ್ ಚಾರ್ಜರ್, ಪೆನ್‌ಡ್ರೈವ್ ಸಿಕ್ಕಿಸುವ ಚಪ್ಪಟೆ ಕಿಂಡಿ ಯುಎಸ್‌ಬಿ. ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಇರುವುದಿಲ್ಲ. ಆಗ ನಡುವೆ ಒಂದು ಸಣ್ಣ ಪರಿವರ್ತಕ ತಂತಿ ಹಾಕುತ್ತಾರೆ. ಅದು ಸಡಿಲವಾದರೆ, ಅಥವಾ ಅದನ್ನು ಬೇರೆ ಕಿಂಡಿಗೆ ಬದಲಿಸಿ ಸಾಫ್ಟ್‌ವೇರ್‌ನಲ್ಲಿ ಹೇಳದೆ ಬಿಟ್ಟರೆ, ಯಂತ್ರ ಚೆನ್ನಾಗಿದ್ದರೂ ಅಂಕಿ ಬರುವುದಿಲ್ಲ.

ಇಲ್ಲಿ ನಿಮ್ಮ ಹಣದ ಪ್ರಶ್ನೆ ಇದೆ. ತಂತಿ ಕೈಕೊಟ್ಟಾಗ ಪರೀಕ್ಷಕರು ಯಂತ್ರದ ಪರದೆ ನೋಡಿ ಅಂಕಿಯನ್ನು ಕೈಯಿಂದ ಟೈಪ್ ಮಾಡಬೇಕಾಗುತ್ತದೆ. ಬೆಳಗಿನ ಜಾವದ ಗಡಿಬಿಡಿಯಲ್ಲಿ 4.1 ಎಂಬುದು 1.4 ಆಗಲು ಒಂದು ಕ್ಷಣ ಸಾಕು. ಆದ್ದರಿಂದ ನಿಮ್ಮ ಸರದಿ ಬಂದಾಗ ಯಂತ್ರದ ಪರದೆಯ ಮೇಲಿನ ಅಂಕಿಯನ್ನೂ ಚೀಟಿಯ ಅಂಕಿಯನ್ನೂ ಒಮ್ಮೆ ಹೋಲಿಸಿ ನೋಡಿ. ಇದರಲ್ಲಿ ಯಾರ ಮೇಲೂ ಅನುಮಾನದ ಮಾತಿಲ್ಲ. ಲೀಟರಿಗೆ ಒಂದೇ ರೂಪಾಯಿ ವ್ಯತ್ಯಾಸವಾದರೂ ದಿನಕ್ಕೆ 10 ಲೀಟರ್ ಹಾಕುವವರಿಗೆ ತಿಂಗಳಿಗೆ 300 ರೂಪಾಯಿ ಆಗುತ್ತದೆ.

ಎರಡನೇ ಹಂತ: ಡಬ್ಬದ ಒಳಗೆ

ಟಿವಿಯಂತೆ ಕಾಣುವ ಪರದೆಯನ್ನೇ ಹಲವರು ಕಂಪ್ಯೂಟರ್ ಎಂದುಕೊಂಡಿರುತ್ತಾರೆ. ಅದು ಮಾನಿಟರ್. ನಿಜವಾದ ಕೆಲಸ ನಡೆಯುವುದು ಪಕ್ಕದಲ್ಲೋ ಮೇಜಿನ ಕೆಳಗೋ ಇರುವ ಡಬ್ಬದಲ್ಲಿ. ಒಳಗೆ ಮದರ್‌ಬೋರ್ಡ್ ಎಂಬ ದೊಡ್ಡ ಹಲಗೆ ಇದೆ. ಉಳಿದ ಭಾಗಗಳೆಲ್ಲ ಅದಕ್ಕೆ ಜೋಡಣೆಯಾಗಿರುತ್ತವೆ.

ಪ್ರೊಸೆಸರ್ ಲೆಕ್ಕ ಮಾಡುವ ಭಾಗ. ಲೀಟರ್, ಜಿಡ್ಡು, ಎಸ್‌ಎನ್‌ಎಫ್ ಮೂರನ್ನೂ ದರಪಟ್ಟಿಗೆ ಹೊಂದಿಸಿ ನಿಮಗೆ ಎಷ್ಟು ರೂಪಾಯಿ ಎಂದು ಹೇಳುವುದು ಇದರ ಕೆಲಸ.

ರ‍್ಯಾಮ್ ಮತ್ತು ಹಾರ್ಡ್‌ಡಿಸ್ಕ್, ಎರಡನ್ನೂ ‘ಮೆಮೊರಿ’ ಎಂದು ಕರೆಯುವುದರಿಂದ ಗೊಂದಲವಾಗುತ್ತದೆ. ಕೊಟ್ಟಿಗೆಯನ್ನು ನೆನೆಸಿಕೊಳ್ಳಿ. ಹಸುವಿನ ಮುಂದಿನ ಗೋದಲಿಯಲ್ಲಿ ಇರುವುದು ಈ ಹೊತ್ತಿಗೆ ತಿನ್ನುವ ಹುಲ್ಲು. ಹಿತ್ತಲ ಬಣವೆಯಲ್ಲಿ ಇರುವುದು ವರ್ಷದ ಹುಲ್ಲು. ರ‍್ಯಾಮ್ ಗೋದಲಿ ಇದ್ದಂತೆ: ಈ ಕ್ಷಣದ ಕೆಲಸಕ್ಕೆ ಬೇಕಾದ್ದು ಮಾತ್ರ ಅಲ್ಲಿರುತ್ತದೆ. ವಿದ್ಯುತ್ ಹೋದರೆ ಅದು ಪೂರ್ತಿ ಖಾಲಿ. ಹಾರ್ಡ್‌ಡಿಸ್ಕ್ ಬಣವೆ ಇದ್ದಂತೆ: ಉಳಿಸಿದ ಲೆಕ್ಕ ವಿದ್ಯುತ್ ಹೋದರೂ ಅಲ್ಲೇ ಇರುತ್ತದೆ. ಕಂಪ್ಯೂಟರ್ ನಿಧಾನವಾಗಿದೆ ಎಂದರೆ ಅನೇಕ ಸಲ ಗೋದಲಿ ಚಿಕ್ಕದಾಗಿದೆ ಎಂದು ಅರ್ಥ. ‘ಜಾಗ ತುಂಬಿದೆ’ ಎಂಬ ಸೂಚನೆ ಬಂದರೆ ತುಂಬಿರುವುದು ಬಣವೆ.

ಹಾರ್ಡ್‌ಡಿಸ್ಕ್ ಒಳಗೆ ತಿರುಗುವ ತಟ್ಟೆಗಳಿವೆ. ಕೆಲಸ ನಡೆಯುವಾಗ ಡಬ್ಬ ಬಿದ್ದರೆ ಅಥವಾ ಜೋರಾಗಿ ಅಲುಗಿದರೆ ಅದು ಕೆಡಬಹುದು. ಈಗ ಬರುವ ಎಸ್‌ಎಸ್‌ಡಿ ಎಂಬುದರಲ್ಲಿ ತಿರುಗುವ ಭಾಗಗಳಿಲ್ಲ. ಅದು ವೇಗವಾದದ್ದು, ಅಲುಗಾಟವನ್ನೂ ಹೆಚ್ಚು ತಡೆಯುತ್ತದೆ.

ಇನ್ನೊಂದು ಪುಟ್ಟ ಭಾಗವಿದೆ: ಮದರ್‌ಬೋರ್ಡ್ ಮೇಲೆ ಕೂತ, ರೂಪಾಯಿ ನಾಣ್ಯದಷ್ಟು ಗಾತ್ರದ ಬ್ಯಾಟರಿ. ಕಂಪ್ಯೂಟರ್ ಆರಿಸಿದಾಗಲೂ ಒಳಗಿನ ಗಡಿಯಾರ ನಡೆಯುವುದು ಅದರಿಂದ. ಕೆಲವು ವರ್ಷಗಳ ನಂತರ ಅದು ಸತ್ತುಹೋದರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹಾರುತ್ತದೆ. ಆಗ ಎರಡು ತೊಂದರೆ. ನಿಮ್ಮ ಹಾಲು ತಪ್ಪು ದಿನಾಂಕದಲ್ಲಿ ದಾಖಲಾಗಬಹುದು. ಜೊತೆಗೆ ಸುರಕ್ಷಿತ ಜಾಲತಾಣಗಳು ತಪ್ಪು ದಿನಾಂಕದ ಕಂಪ್ಯೂಟರನ್ನು ಒಳಗೆ ಬಿಡುವುದಿಲ್ಲ. ಹೊರಗೆ ಕೇಳುವ ಮಾತು ಮತ್ತೆ ಅದೇ: ‘ಸರ್ವರ್ ಇಲ್ಲ.’ ಕಡಿಮೆ ಬೆಲೆಯ ಒಂದು ಬ್ಯಾಟರಿ ಬದಲಿಸಿದರೆ ಸರಿಹೋಗುವ ಕಾಯಿಲೆ ಇದು. ಚೀಟಿಯಲ್ಲಿ ದಿನಾಂಕ ಮತ್ತು ಬೆಳಿಗ್ಗೆ-ಸಂಜೆ ಎಂಬುದು ಸರಿಯಿದೆಯೇ ನೋಡಿ ಎಂದು ಹೇಳುವುದು ಇದಕ್ಕೇ.

ಮೂರನೇ ಹಂತ: ವಿದ್ಯುತ್ ಹೋದರೆ

ಮೇಜಿನ ಕೆಳಗೆ ಕೀಂ ಕೀಂ ಎನ್ನುವ ಪೆಟ್ಟಿಗೆ ಯುಪಿಎಸ್. ಅದರೊಳಗೆ ಬ್ಯಾಟರಿ ಇದೆ. ವಿದ್ಯುತ್ ಹೋದ ಕೂಡಲೇ ಅದು ಕಂಪ್ಯೂಟರನ್ನು ಹಿಡಿದು ನಿಲ್ಲಿಸುತ್ತದೆ. ಚಿಕ್ಕ ಯುಪಿಎಸ್ ಇರುವುದು ಹೊತ್ತು ಪೂರ್ತಿ ಕೆಲಸ ಮಾಡಲಿಕ್ಕಲ್ಲ. ನಡೆಯುತ್ತಿರುವ ಲೆಕ್ಕ ಉಳಿಸಿ ಕಂಪ್ಯೂಟರನ್ನು ಸರಿಯಾದ ಕ್ರಮದಲ್ಲಿ ಆರಿಸಲು. ರ‍್ಯಾಮ್‌ನಲ್ಲಿದ್ದದ್ದು ವಿದ್ಯುತ್ ಜೊತೆಗೇ ಹೋಗುತ್ತದೆ ಎಂದು ಮೇಲೆ ಹೇಳಿದೆ. ಆ ನಷ್ಟ ತಡೆಯುವುದು ಇದೇ ಪೆಟ್ಟಿಗೆ.

ಯುಪಿಎಸ್ ಬ್ಯಾಟರಿಗೂ ಆಯಸ್ಸಿದೆ. ವಿದ್ಯುತ್ ಹೋದ ತಕ್ಷಣ ಕಂಪ್ಯೂಟರ್ ಆರುತ್ತಿದ್ದರೆ ಆ ಬ್ಯಾಟರಿ ಮುಗಿದಿದೆ ಎಂದೇ ತಿಳಿಯಿರಿ. ಅರ್ಥಿಂಗ್ ಸಹ ಸರಿಯಿರಬೇಕು. ಹಾಲು, ನೀರು, ಸೋಪಿನ ನೊರೆ ಎಲ್ಲ ಇರುವ ಕೋಣೆಯಲ್ಲಿ ಅದು ಯಂತ್ರದ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ವಿದ್ಯುತ್ ಪ್ಲಗ್ ಜೊತೆಗೆ ಹೊರಗಿನಿಂದ ಬರುವ ನೆಟ್ ತಂತಿಯನ್ನೂ ಕಳಚಿಡಬೇಕು. ಆದರೆ ಸಿಡಿಲು ಹತ್ತಿರ ಬಡಿಯುತ್ತಿರುವಾಗ ತಂತಿ ಮುಟ್ಟಬಾರದು. ಮೋಡ ಕವಿಯುವಾಗಲೇ ಆ ಕೆಲಸ ಮುಗಿಸಬೇಕು.

ನಾಲ್ಕನೇ ಹಂತ: ಕೋಣೆಯಿಂದ ಹೊರಗೆ

ಲೆಕ್ಕ ಈಗ ಒಕ್ಕೂಟಕ್ಕೆ ಹೋಗಬೇಕು. ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳನ್ನು ಮಾತಾಡಿಕೊಳ್ಳುವಂತೆ ಜೋಡಿಸಿದರೆ ಅದು ನೆಟ್‌ವರ್ಕ್. ಒಂದೇ ಕಟ್ಟಡದೊಳಗಿನ ಜೋಡಣೆ ಲ್ಯಾನ್. ಊರು, ದೇಶ ಎನ್ನದೆ ಎಲ್ಲ ನೆಟ್‌ವರ್ಕ್‌ಗಳನ್ನೂ ಕೂಡಿಸಿದ ದೊಡ್ಡ ಜಾಲ ಇಂಟರ್ನೆಟ್.

ಮೋಡೆಮ್ ಎಂಬುದು ದುಭಾಷಿ. ಕಂಪ್ಯೂಟರಿನ ಸಂಕೇತವನ್ನು ಹೊರಗಿನ ದಾರಿಗೆ ತಕ್ಕಂತೆ ಬದಲಿಸಿ ಕಳಿಸುತ್ತದೆ, ಬಂದದ್ದನ್ನು ಮತ್ತೆ ಕಂಪ್ಯೂಟರಿಗೆ ಅರ್ಥವಾಗುವಂತೆ ತಿರುಗಿಸುತ್ತದೆ. ಆ ಹೊರದಾರಿ ಟೆಲಿಫೋನ್ ತಂತಿಯಾಗಿರಬಹುದು, ಮೊಬೈಲ್ ಗೋಪುರವಾಗಿರಬಹುದು, ಫೈಬರ್ ಆಗಿರಬಹುದು. ಫೈಬರ್ ಎಂದರೆ ಗಾಜಿನ ಎಳೆ; ಅದರೊಳಗೆ ಬೆಳಕಿನ ರೂಪದಲ್ಲಿ ಮಾಹಿತಿ ಓಡುತ್ತದೆ. ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ, ಎಳೆಯೂ ಮುರಿಯಬಹುದು. ಆದ್ದರಿಂದ ಅದನ್ನು ಮೊಳೆಗೆ ಸುತ್ತಿ ಬಿಗಿಯಬಾರದು.

ರೌಟರ್ ಕವಲು ದಾರಿಯಲ್ಲಿ ನಿಂತ ಪೊಲೀಸಿನವನಂತೆ. ಯಾವ ಮಾಹಿತಿ ಯಾವ ಕಡೆ ಹೋಗಬೇಕು ಎಂದು ತೋರಿಸುತ್ತದೆ. ಈಗ ಮೋಡೆಮ್ ಮತ್ತು ರೌಟರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುವುದುಂಟು. ವೈಫೈ ಎಂದರೆ ಆ ಪೆಟ್ಟಿಗೆಯಿಂದ ತಂತಿಯಿಲ್ಲದೆ, ರೇಡಿಯೊ ಅಲೆಯ ಮೂಲಕ ಸಿಗುವ ಸಂಪರ್ಕ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೊಬೈಲ್‌ನಲ್ಲಿ ವೈಫೈ ಗುರುತು ತುಂಬ ಕಂಡರೆ ನೆಟ್ ಇದೆ ಎಂದಲ್ಲ. ನಿಮಗೂ ಪೆಟ್ಟಿಗೆಗೂ ನಡುವಿನ ಸಂಪರ್ಕ ಚೆನ್ನಾಗಿದೆ ಎಂದಷ್ಟೇ ಅರ್ಥ. ಮನೆಯ ನಲ್ಲಿ ಸರಿಯಿದ್ದರೂ ಓವರ್‌ಹೆಡ್ ಟ್ಯಾಂಕಿಗೆ ನೀರೇ ಬಂದಿಲ್ಲದಿದ್ದರೆ?

ಅದನ್ನು ತಿಳಿಯಲು ಪೆಟ್ಟಿಗೆಯ ದೀಪಗಳನ್ನು ನೋಡಬೇಕು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಹತ್ತಿದರೆ ಅಥವಾ ಮಿಣುಕಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಆಗ ಕರೆಯಬೇಕಾದ್ದು ನೆಟ್ ಸಂಪರ್ಕ ಕೊಟ್ಟವರನ್ನು, ಒಕ್ಕೂಟವನ್ನಲ್ಲ.

ವಿಳಾಸಗಳು: ಕಿವಿಯೋಲೆ ಮತ್ತು ಗೂಟ

ಕೋಟಿಗಟ್ಟಲೆ ಯಂತ್ರಗಳ ನಡುವೆ ನಿಮ್ಮ ಸಂಘದ ಕಂಪ್ಯೂಟರನ್ನು ಗುರುತಿಸುವುದು ಹೇಗೆ? ಇದನ್ನು ಹೈನುಗಾರರಿಗೆ ವಿವರಿಸುವುದು ಬಲು ಸುಲಭ.

ನಿಮ್ಮ ಹಸುವಿನ ಹಳದಿ ಕಿವಿಯೋಲೆಯಲ್ಲಿ 12 ಅಂಕಿಗಳ ಸಂಖ್ಯೆ ಇದೆ. ಹಸು ಯಾವ ಊರಿಗೆ ಮಾರಾಟವಾದರೂ ಆ ಸಂಖ್ಯೆ ಅದರದ್ದೇ. ನೆಟ್‌ವರ್ಕ್‌ಗೆ ಸೇರುವ ಯಂತ್ರಗಳಿಗೂ ತಯಾರಿಕೆಯ ಹೊತ್ತಿನಲ್ಲೇ ಇಂಥದೊಂದು ಗುರುತು ಹಾಕುತ್ತಾರೆ. ಅದು ಮ್ಯಾಕ್ ವಿಳಾಸ. ಅದರಲ್ಲೂ 12 ಅಕ್ಷರ-ಅಂಕಿಗಳೇ ಇರುವುದು ಕಾಕತಾಳೀಯ.

ಆದರೆ ಹಸು ಈಗ ಎಲ್ಲಿ ಕಟ್ಟಿದೆ ಎಂದು ಕಿವಿಯೋಲೆ ಹೇಳುವುದಿಲ್ಲ. ಅದಕ್ಕೆ ‘ಎಡದಿಂದ ಮೂರನೇ ಗೂಟ’ ಎನ್ನಬೇಕು. ಕಂಪ್ಯೂಟರಿಗೆ ಆ ಗೂಟವೇ ಐಪಿ ವಿಳಾಸ. 192.168.1.5 ಎಂಬಂತೆ ನಾಲ್ಕು ಸಂಖ್ಯೆಗಳು, ಪ್ರತಿಯೊಂದೂ 0ಯಿಂದ 255ರೊಳಗೆ. ಸಾಮಾನ್ಯವಾಗಿ ರೌಟರ್ ಈ ಗೂಟಗಳನ್ನು ಹಂಚುತ್ತದೆ. ಒಂದೇ ಗೂಟಕ್ಕೆ ಎರಡು ಹಸು ಕಟ್ಟಿದರೆ ಹಗ್ಗ ಸಿಕ್ಕಾಗುತ್ತದೆ. ಎರಡು ಯಂತ್ರಗಳಿಗೆ ಒಂದೇ ಐಪಿ ವಿಳಾಸ ಬಂದರೂ ಸಂಪರ್ಕ ಸಿಕ್ಕಾಗುತ್ತದೆ. ಇಂಥ ನಾಲ್ಕು ಸಂಖ್ಯೆಗಳ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಗತ್ತಿಗೆ ಅವು ಸಾಲದಾದ್ದರಿಂದ ಐಪಿವಿ6 ಎಂಬ ಉದ್ದದ ವಿಳಾಸವೂ ಬಳಕೆಗೆ ಬಂದಿದೆ.

ನಾವು ಸಂಖ್ಯೆ ನೆನಪಿಡುವುದಿಲ್ಲ, ಹೆಸರು ನೆನಪಿಡುತ್ತೇವೆ. ಜಾಲತಾಣದ ಹೆಸರು ಹಾಕಿದರೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ನಿಮ್ಮ ಮೊಬೈಲ್‌ನ ಹೆಸರು-ನಂಬರ್ ಪಟ್ಟಿ ಮಾಡುವ ಕೆಲಸವೇ ಇದು.

ವೇಗ ಎಷ್ಟು ಬೇಕು?

ನೆಟ್ ವೇಗವನ್ನು ಎಂಬಿಪಿಎಸ್‌ನಲ್ಲಿ ಹೇಳುತ್ತಾರೆ. ಅಂದರೆ ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು. ಕಡತದ ಗಾತ್ರ ಹೇಳುವಾಗ ಎಂಬಿ ಎಂದರೆ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 8 ಎಂಬಿಪಿಎಸ್ ವೇಗದಲ್ಲಿ ಒಂದು ಸೆಕೆಂಡಿಗೆ ಬರುವುದು 8 ಎಂಬಿ ಅಲ್ಲ, 1 ಎಂಬಿ.

ಈಗ ಒಂದು ಲೆಕ್ಕ ಮಾಡೋಣ. ಒಬ್ಬ ಸದಸ್ಯರ ಒಂದು ಹೊತ್ತಿನ ದಾಖಲೆಗೆ, ಅಂದರೆ ಸಂಖ್ಯೆ, ದಿನಾಂಕ, ಲೀಟರ್, ಜಿಡ್ಡು, ಎಸ್‌ಎನ್‌ಎಫ್, ದರ, ಮೊತ್ತ ಇಷ್ಟಕ್ಕೂ ಸೇರಿ 100 ಬೈಟ್ ಹಿಡಿಯುತ್ತದೆ ಎಂದುಕೊಳ್ಳಿ. 200 ಸದಸ್ಯರು, ದಿನಕ್ಕೆ ಎರಡು ಹೊತ್ತು ಎಂದರೆ 40,000 ಬೈಟ್. ಮೊಬೈಲ್‌ನಲ್ಲಿ ತೆಗೆದ ಒಂದೇ ಒಂದು ಫೋಟೊ ಇದಕ್ಕಿಂತ ಹಲವು ಪಟ್ಟು ದೊಡ್ಡದು. 1 ಎಂಬಿಪಿಎಸ್ ಸಂಪರ್ಕ ಚೆನ್ನಾಗಿದ್ದರೆ ಇಡೀ ದಿನದ ಲೆಕ್ಕ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಹೋಗಬಲ್ಲದು. ಆದ್ದರಿಂದ ಹಾಲಿನ ಸಂಘಕ್ಕೆ ಬೇಕಾದ್ದು ಭಾರೀ ವೇಗದ ನೆಟ್ ಅಲ್ಲ, ಕಡಿಯದ ನೆಟ್. ಆಡಳಿತ ಮಂಡಳಿಯವರು ಹೊಸ ಸಂಪರ್ಕ ಆರಿಸುವಾಗ ಇದನ್ನು ಗಮನಿಸಬೇಕು. ಊರಿನಲ್ಲಿ ಯಾವ ಕಂಪನಿಯ ಸಿಗ್ನಲ್ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಸಿಗುತ್ತದೆ ಎಂಬುದೇ ಮುಖ್ಯ.

ಕೊನೆಯ ಹಂತ: ಸರ್ವರ್

ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುವ, ಅವು ಕಳಿಸಿದ್ದನ್ನು ಇಟ್ಟುಕೊಳ್ಳುವ ಕಂಪ್ಯೂಟರ್. ಅದು ಹಗಲು ರಾತ್ರಿ ನಡೆಯುತ್ತಿರಬೇಕು. ಕೆಲವು ಸರ್ವರ್‌ಗಳು ಸಂಸ್ಥೆಯ ಕಟ್ಟಡದಲ್ಲೇ ಇರುತ್ತವೆ. ಕ್ಲೌಡ್ ಎಂದರೆ ಆಕಾಶದಲ್ಲಿರುವುದೇನಲ್ಲ; ಬೇರೊಬ್ಬರ ದೊಡ್ಡ ಕಟ್ಟಡದಲ್ಲಿರುವ ಸರ್ವರನ್ನು ಬಾಡಿಗೆಗೆ ಬಳಸುವುದು.

ಎಲ್ಲ ಲೆಕ್ಕವೂ ಒಂದೇ ಸರ್ವರ್‌ನಲ್ಲಿ ಇರುವುದಿಲ್ಲ ಎಂಬುದು ನೀವು ತಿಳಿಯಬೇಕಾದ ಮುಖ್ಯ ಸಂಗತಿ. ಹಾಲಿನ ಬಟವಾಡೆಯ ಲೆಕ್ಕ ಒಂದು ಕಡೆ. ಕಿವಿಯೋಲೆ, ಕೃತಕ ಗರ್ಭಧಾರಣೆ, ಕಾಲುಬಾಯಿ ಜ್ವರದ ಲಸಿಕೆ ಇವುಗಳ ದಾಖಲೆ ಕೇಂದ್ರ ಸರ್ಕಾರದ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ. ರಾಜ್ಯ ಸರ್ಕಾರದ ಪ್ರೋತ್ಸಾಹಧನ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುವ ದಾರಿ ಮತ್ತೊಂದು. ಬ್ಯಾಂಕಿನ ಸರ್ವರ್ ಇನ್ನೊಂದು. ಆದ್ದರಿಂದ ಯಾರಾದರೂ ‘ಸರ್ವರ್ ಇಲ್ಲ’ ಎಂದರೆ ‘ಯಾವ ಸರ್ವರ್?’ ಎಂದು ಕೇಳಿ. ಪ್ರೋತ್ಸಾಹಧನ ಬಂದಿಲ್ಲ ಎಂದು ಪರೀಕ್ಷಕರ ಮೇಲೆ ರೇಗಿ ಫಲವಿಲ್ಲ. ಲಸಿಕೆಯ ದಾಖಲೆ ಕಾಣುತ್ತಿಲ್ಲ ಎಂದು ಬ್ಯಾಂಕಿಗೆ ಹೋಗಿಯೂ ಫಲವಿಲ್ಲ.

ಇನ್ನೊಂದು ಪ್ರಶ್ನೆಯನ್ನು ಕಾರ್ಯದರ್ಶಿಯವರಲ್ಲಿ ಕೇಳಿಟ್ಟುಕೊಳ್ಳಿ: ನೆಟ್ ಇಲ್ಲದಾಗ ನಮ್ಮ ಸಂಘದ ಸಾಫ್ಟ್‌ವೇರ್ ಏನು ಮಾಡುತ್ತದೆ? ಕೆಲವು ಸಾಫ್ಟ್‌ವೇರ್ ಲೆಕ್ಕವನ್ನು ಸಂಘದ ಹಾರ್ಡ್‌ಡಿಸ್ಕ್‌ನಲ್ಲೇ ಇಟ್ಟುಕೊಂಡು, ನೆಟ್ ಬಂದಾಗ ಮೇಲಕ್ಕೆ ಕಳಿಸುತ್ತವೆ. ಹೀಗೆ ಎರಡು ಕಡೆಯ ಲೆಕ್ಕ ಒಂದಾಗುವುದಕ್ಕೆ ಸಿಂಕ್ ಎನ್ನುತ್ತಾರೆ. ಇಂಥ ಕಡೆ ನೆಟ್ ಇಲ್ಲದಿದ್ದರೂ ಚೀಟಿ ಬರಲೇಬೇಕು. ಇನ್ನು ಕೆಲವು ನೆಟ್ ಇದ್ದರೆ ಮಾತ್ರ ನಡೆಯುತ್ತವೆ. ಅಲ್ಲಿ ನೆಟ್ ಹೋದ ಹೊತ್ತಿಗೆ ಪುಸ್ತಕದಲ್ಲಿ ಬರೆದು, ನಿಮ್ಮ ಪಾಸ್‌ಬುಕ್ಕಿನಲ್ಲೂ ನಮೂದಿಸುವ ಪದ್ಧತಿ ಇರಲೇಬೇಕು.

ಕಾಯಿಲೆ ಎಲ್ಲಿದೆ? ಐದು ಪ್ರಶ್ನೆ

1. ಯಂತ್ರದ ಪರದೆಯಲ್ಲಿ ಅಂಕಿ ಇದೆ, ಕಂಪ್ಯೂಟರಿನಲ್ಲಿ ಇಲ್ಲವೇ? ತಂತಿ ಅಥವಾ ಪೋರ್ಟ್ ನೋಡಿಸಿ.

2. ಕಂಪ್ಯೂಟರಿನಲ್ಲಿ ಲೆಕ್ಕ ಇದೆ, ಚೀಟಿ ಮಾತ್ರ ಇಲ್ಲವೇ? ಪ್ರಿಂಟರ್, ಕಾಗದದ ಸುರುಳಿ ಅಥವಾ ಅದರ ತಂತಿ.

3. ಚೀಟಿಯ ದಿನಾಂಕ ತಪ್ಪಿದೆಯೇ? ನಾಣ್ಯದ ಬ್ಯಾಟರಿ.

4. ಯಾವ ಜಾಲತಾಣವೂ ತೆರೆಯುತ್ತಿಲ್ಲವೇ? ರೌಟರ್, ಸಿಮ್ ಅಥವಾ ಫೈಬರ್. ರೌಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ನೆಟ್ ಕೊಟ್ಟವರಿಗೆ ತಿಳಿಸಿ.

5. ಬೇರೆ ಜಾಲತಾಣಗಳು ತೆರೆಯುತ್ತಿವೆ, ನಮ್ಮದು ಮಾತ್ರ ಇಲ್ಲ, ಪಕ್ಕದ ಊರಿನ ಸಂಘದಲ್ಲೂ ಇಲ್ಲವೇ? ಬಹುಮಟ್ಟಿಗೆ ಇದೇ ನಿಜವಾದ ‘ಸರ್ವರ್ ಇಲ್ಲ’. ಒಕ್ಕೂಟಕ್ಕೆ ತಿಳಿಸಿ, ಕಾಯಿರಿ.

ಲೆಕ್ಕ ಕಾಯುವುದು

ಒಂದೇ ಬಣವೆಗೆ ಬೆಂಕಿ ಬಿದ್ದರೆ ವರ್ಷದ ಮೇವು ಹೋಯಿತು. ಒಂದೇ ಹಾರ್ಡ್‌ಡಿಸ್ಕ್‌ನಲ್ಲಿ ಇರುವ ಲೆಕ್ಕವೂ ಹಾಗೆಯೇ. ಅದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದಕ್ಕೆ ಬ್ಯಾಕಪ್ ಎನ್ನುತ್ತಾರೆ. ಅದೇ ಡಬ್ಬಕ್ಕೆ ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವ್ ಬ್ಯಾಕಪ್ ಆಗುವುದಿಲ್ಲ. ಸಿಡಿಲಾಗಲಿ ವೈರಸ್ ಆಗಲಿ ಎರಡನ್ನೂ ಒಟ್ಟಿಗೆ ಕೆಡಿಸಬಲ್ಲದು. ಹಾಗೆಯೇ ಊರಿನ ಹುಡುಗರು ಸಿನಿಮಾ ತಂದ ಪೆನ್‌ಡ್ರೈವನ್ನು ಸಂಘದ ಕಂಪ್ಯೂಟರಿಗೆ ಹಾಕಲು ಬಿಡಬಾರದು. ಕಾಲುಬಾಯಿ ಜ್ವರ ಬಂದ ಊರಿನ ದನವನ್ನು ನಮ್ಮ ಕೊಟ್ಟಿಗೆಗೆ ಕಟ್ಟುತ್ತೇವೆಯೇ?

ನಿಮ್ಮ ಪಾಲಿನ ಕೆಲಸವೂ ಇದೆ. ಬಟವಾಡೆ ಕೈಸೇರಿ ತಾಳೆಯಾಗುವವರೆಗೆ ಚೀಟಿಗಳನ್ನು ಎಸೆಯಬೇಡಿ. ಕೆಲವು ಚೀಟಿಗಳ ಅಕ್ಷರ ಬಿಸಿಲಿಗೆ, ಬಿಸಿಗೆ ಅಳಿಸಿಹೋಗುತ್ತದೆ. ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ, ಅಂದಂದೇ ಅಂಕಿಗಳನ್ನು ಪುಸ್ತಕಕ್ಕೆ ಇಳಿಸಿ. ಹಸುಗಳ ಕಿವಿಯೋಲೆ ಸಂಖ್ಯೆಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಓಲೆ ಕಳಚಿ ಬಿದ್ದರೆ ಕೂಡಲೇ ನಮಗೆ ತಿಳಿಸಿ. ವಿಮೆ ಮಾಡಿಸಿದ ಹಸು ಸತ್ತಾಗ ಅದು ಅದೇ ಹಸು ಎಂದು ತೋರಿಸುವ ಗುರುತು ಆ ಸಂಖ್ಯೆಯೇ. ಮೊಬೈಲ್ ನಂಬರ್ ಬದಲಿಸಿದರೆ ಸಂಘಕ್ಕೂ ಬ್ಯಾಂಕಿಗೂ ನಮಗೂ ಹೇಳಿ.

ಪ್ರೋತ್ಸಾಹಧನ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಹೇಳಬೇಡಿ, ಅವರು ಕಳಿಸಿದ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡ ಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಮನೆಯಲ್ಲಿ ಓದುತ್ತಿರುವ ಮಕ್ಕಳಿದ್ದರೆ ಈ ಲೇಖನವನ್ನು ಅವರ ಜೊತೆ ಕೂತು ಓದಿ. ಮುಂದಿನ ಸದಸ್ಯರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಯುಪಿಎಸ್ ಬ್ಯಾಟರಿ ಯಾವಾಗ ಬದಲಿಸಿದ್ದು, ಬ್ಯಾಕಪ್ ಎಲ್ಲಿದೆ, ನೆಟ್ ಇಲ್ಲದ ಹೊತ್ತಿನ ಲೆಕ್ಕ ಯಾರು ಹೇಗೆ ಬರೆಯುತ್ತಾರೆ. ಈ ಮೂರಕ್ಕೂ ಉತ್ತರ ಸಿದ್ಧವಿರುವ ಸಂಘದಲ್ಲಿ ಸರ್ವರ್ ಇಲ್ಲದ ದಿನವೂ ನಿಮ್ಮ ಹಾಲಿನ ಲೆಕ್ಕ ತಪ್ಪುವುದಿಲ್ಲ.